ವಾಷಿಂಗ್ ಮೆಷಿನ್ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತೆ, ಮೂರು ದಿನದಿಂದ ಒದ್ದಾಡುತ್ತಿದ್ದೇನೆ

ಕೋಲಾರದವ:
ಫ್ರಂಟ್ ಲೋಡ್ ಮೆಷಿನ್. ಡ್ರೈನ್ ಪಂಪ್ ಕೆಟ್ಟಿತ್ತು, ನಾನೇ ಬಿಚ್ಚಿ ಹೊಸದು ಹಾಕಿದೆ. ನೀರು ಚೆನ್ನಾಗಿ ಹೋಗುತ್ತದೆ. ಆದರೆ ಅವತ್ತಿನಿಂದ ಒದ್ದೆ ಕೈಯಲ್ಲಿ ಬಾಗಿಲ ಪಕ್ಕದ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತೆ. ಪಂಪ್ ವೈರ್ ನಾಲ್ಕು ಸಲ ನೋಡಿದೆ, ಎಲ್ಲೂ ಬಾಡಿಗೆ ತಾಗುತ್ತಿಲ್ಲ. ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್) ಯಾವುದೂ ಬೀಳುತ್ತಿಲ್ಲ. ಅಮ್ಮ ಬಟ್ಟೆ ಹಾಕೋಕೇ ಹೆದರುತ್ತಿದ್ದಾರೆ.

ಹಳೇ_ವೈಂಡರ್:
ಹೀಟರ್ ಲೀಕ್. ನಿಮ್ಮ ಕಡೆ ಬೋರ್‌ವೆಲ್ ನೀರಿಗೆ ಸುಣ್ಣ ಕಟ್ಟಿ ಹೀಟರ್ ಕೊಳವೆ ಬಿರುಕು ಬಿಡುತ್ತದೆ. ಪ್ಲಗ್ ಕಿತ್ತು, ಹೀಟರ್ ವೈರ್ ಎರಡೂ ತೆಗೆದು, ಟರ್ಮಿನಲ್‌ಗೂ ಬಾಡಿಗೂ ಮೀಟರ್ ಹಿಡಿಯಿರಿ. 20 ಮೆಗಾ ಓಮ್ ರೇಂಜ್.

ಕೋಲಾರದವ:
ಹಿಡಿದೆ ಸರ್. ಓಪನ್ ತೋರಿಸುತ್ತೆ, ಅಂದರೆ ಬಾಡಿಗೆ ಎಲ್ಲೂ ಸಂಪರ್ಕ ಇಲ್ಲ.

ಹಳೇ_ವೈಂಡರ್:
ಆದರೂ ಹೀಟರೇ. ತಣ್ಣಗಿದ್ದಾಗ ಸರಿ ಇರುತ್ತೆ, ಬಿಸಿಯಾದಾಗ ಲೀಕ್. 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್‌ನಲ್ಲಿ ನೋಡಬೇಕು.

ಕರಾವಳಿ_ಕರೆಂಟ್:
ಹೀಟರ್ ಬಿಡಿ ಮಾರಾಯ್ರೆ. ಬಾಡಿಗೂ ಅರ್ಥ್‌ಗೂ ಎಷ್ಟು ವೋಲ್ಟ್ ಇದೆ? ಪ್ಲಗ್ ಎಲ್ಲಿ ಹಾಕಿದ್ದೀರಿ?

ಕೋಲಾರದವ:
ಅಡುಗೆಮನೆ ಸಾಕೆಟ್‌ನ ಅರ್ಥ್‌ನಿಂದ ಉದ್ದ ವೈರ್ ಎಳೆದು ನೋಡಿದೆ, 110 ವೋಲ್ಟ್. ಹಾಂ, ಪಂಪ್ ಹಾಕಿದ ದಿನವೇ ಮೆಷಿನ್ ಬಾಲ್ಕನಿಗೆ ಸಾಗಿಸಿದ್ವಿ. ಅಲ್ಲಿ ಹಳೇ ಸಾಕೆಟ್ ಒಂದಿತ್ತು.

ಕರಾವಳಿ_ಕರೆಂಟ್:
ಅದನ್ನು ಮೊದಲೇ ಹೇಳಬೇಕಿತ್ತಲ್ವಾ! ಮೆಷಿನ್ ಒಳಗೆ ನಾಯ್ಸ್ ಫಿಲ್ಟರ್ ಇರುತ್ತೆ. ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್. ಅರ್ಥ್ ತಪ್ಪಿದರೆ 230ರ ಹೆಚ್ಚುಕಡಿಮೆ ಅರ್ಧ ಬಾಡಿ ಮೇಲೆ ನಿಲ್ಲುತ್ತೆ. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಸಾಕೆಟ್ ಬಿಚ್ಚಿ.

ಪೇಟೆ_ಹುಡುಗ:
ಇದಕ್ಕೆ ಇಷ್ಟೆಲ್ಲಾ ಯಾಕೆ? ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿ. ನಮ್ಮನೇಲಿ ಐದು ವರ್ಷದಿಂದ ಹಾಗೇ ಇದೆ.

ಕರಾವಳಿ_ಕರೆಂಟ್:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ಪೂರಾ 230 ವೋಲ್ಟ್ ಬಾಡಿಗೆ ಬರುತ್ತೆ. ನೀವೂ ಇವತ್ತೇ ತೆಗೆಸಿ.

ಪೇಟೆ_ಹುಡುಗ:
ರಬ್ಬರ್ ಚಪ್ಪಲಿ ಹಾಕಿದ್ರೆ ಏನೂ ಆಗಲ್ಲ ಗುರು.

ಕರಾವಳಿ_ಕರೆಂಟ್:
ಒದ್ದೆ ಬಾಲ್ಕನಿಯಲ್ಲಿ ಚಪ್ಪಲಿ ನಂಬಿಕೊಂಡು ಮನೆಯವರನ್ನು ಬಿಡ್ತೀರಾ?

ಬೋರ್ಡ್_ಭಟ್ಟ:
ನಾನು ರಿಪೇರಿ ಟೇಬಲ್‌ಗೆ ಮೇನ್ ಲೈನ್‌ನಿಂದ ಬೇರ್ಪಡಿಸುವ 1 ಕೆವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ, ಕೆಳಗೆ ರಬ್ಬರ್ ಮ್ಯಾಟ್, ಪಕ್ಕದಲ್ಲಿ ಮೆಷಿನ್ ಜೊತೆ ಸಾಲಾಗಿ ಜೋಡಿಸಿ ಟೆಸ್ಟ್ ಮಾಡೋ 100 ವ್ಯಾಟ್ ಸೀರೀಸ್ ಬಲ್ಬ್. ಫೋಟೋ ನಾಳೆ ಹಾಕ್ತೀನಿ.

ಹಳೇ_ವೈಂಡರ್:
ಸೀರೀಸ್ ಬಲ್ಬ್‌ನಲ್ಲಿ ಸಣ್ಣ ಹೀಟರ್ ಲೀಕ್ ಗೊತ್ತಾಗಲ್ಲ.

ಕೋಲಾರದವ:
ಸಾಕೆಟ್ ಬಿಚ್ಚಿದೆ. ಹಸಿರು ವೈರ್ ತುದಿಗೆ ಟೇಪ್ ಸುತ್ತಿ ಡಬ್ಬಿ ಮೂಲೆಗೆ ಮಡಚಿಟ್ಟಿದ್ದರು, ಟೇಪ್ ಒಣಗಿ ಪುಡಿಯಾಗಿತ್ತು. ಅರ್ಥ್ ಪಿನ್‌ಗೆ ಜೋಡಿಸಿದೆ. ಬಾಡಿ ಮೇಲೆ ಈಗ ಮೀಟರ್ ಸೊನ್ನೆ, ಜುಮ್ ಇಲ್ಲ. ಆದರೆ 60 ಡಿಗ್ರಿಗೆ ಹಾಕಿದ ಹತ್ತು ನಿಮಿಷಕ್ಕೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಬಿತ್ತು. ತಣ್ಣೀರಲ್ಲಿ ಬೀಳುತ್ತಿಲ್ಲ.

ಹಳೇ_ವೈಂಡರ್:
ಹೀಟರ್. ಲೀಕ್ ಆದ ಕರೆಂಟಿಗೆ ಇಷ್ಟು ದಿನ ಅರ್ಥ್ ದಾರಿ ಇರಲಿಲ್ಲ. ಆರ್‌ಸಿಸಿಬಿಗೆ ಹೇಗೆ ಗೊತ್ತಾಗಬೇಕು?

ಕರಾವಳಿ_ಕರೆಂಟ್:
ಒಪ್ಪಿದೆ. ಹೀಟರ್ ಬದಲಾಗುವವರೆಗೆ ತಣ್ಣೀರಿಗೂ ಪ್ಲಗ್ ಹಾಕಬೇಡಿ. ಆರ್‌ಸಿಸಿಬಿ ಬೀಳುತ್ತೆ ಅಂತ ಬೈಪಾಸ್ ಅಂತೂ ಮಾಡಲೇಬೇಡಿ.

ಕೋಲಾರದವ:
ಪ್ಲಗ್ ಕಿತ್ತು ಹೀಟರ್ ಹೊರಗೆ ತೆಗೆದೆ. ಸುಣ್ಣದ ಪದರ ಉಗುರಿನಲ್ಲಿ ಎಬ್ಬಿಸಿದರೆ ಕೆಳಗೆ ಕೂದಲೆಳೆ ಬಿರುಕು. ರಬ್ಬರ್ ಸೀಲ್ ಗಟ್ಟಿಯಾಗಿದೆ, ಅದೇ ನಡೆಯುತ್ತಾ?

ಬೋರ್ಡ್_ಭಟ್ಟ:
ಟ್ರಾನ್ಸ್‌ಫಾರ್ಮರ್ ಫೋಟೋ ಹಾಕಿದ್ದೇನೆ, ನೋಡಿ.