ಬೆಂಕಿ ತಾಗಿದ ಕಂಬ, ಹಳೇ ಬಿರುಕು: ರಾಕ್ ಮೆಕ್ಯಾನಿಕ್ಸ್ (ಕಲ್ಲಿನ ಬಲ, ಬಿರುಕುಗಳ ಶಾಸ್ತ್ರ) ಎಂಜಿನಿಯರ್ ಜೊತೆ ಮೆಸೇಜ್ ಗುಂಪಿನಲ್ಲಿ ಪ್ರಶ್ನೋತ್ತರ

ಕಟ್ಟಡ ಉಸ್ತುವಾರಿ: ಮೇಡಂ, ಹಳೇ ಕಲ್ಲು ಕಟ್ಟಡದ ಮರದ ಚಾವಣಿಗೆ ಬೆಂಕಿ ಬಿದ್ದಿತ್ತು. ಒಂದು ಗ್ರಾನೈಟ್ ಕಂಬದಲ್ಲಿ ಮೊದಲಿನಿಂದಲೂ ಓರೆಯಾಗಿ ಒಂದು ಬಿರುಕಿತ್ತು. ಉರಿಯುವಾಗಲೇ ಅದಕ್ಕೆ ನೀರು ಹೊಡೆದರು. ಈಗ ಮೂಲೆಗಳಲ್ಲಿ ಚಕ್ಕೆ ಏಳುತ್ತಿದೆ. ಹಳೇ ಬಿರುಕಿನ ಮೇಲ್ತುದಿಯಿಂದ ಮೇಲಕ್ಕೆ, ಕೆಳತುದಿಯಿಂದ ಕೆಳಕ್ಕೆ ಕೂದಲೆಳೆಯಂಥ ಹೊಸ ಗೆರೆ ಬಂದಿದೆ. ಕಂಬ ಉಳಿಯುತ್ತಾ?

ಎಂಜಿನಿಯರ್: ಮೊದಲು ಪಕ್ಕದಲ್ಲಿ ಆನಿಕೆ ಕೊಟ್ಟು ಭಾರ ಇಳಿಸಿ. ಇವತ್ತೇ. ಅಲ್ಲಿ ಯಾರೂ ಓಡಾಡಬಾರದು.

ನಿಮ್ಮ ಮಾತಿನಲ್ಲಿ ನನಗೆ ಭಯ ಹುಟ್ಟಿಸಿದ್ದು ಚಕ್ಕೆಯಲ್ಲ, ಆ ಎರಡು ಗೆರೆಗಳು. ಬರೀ ಬಿಸಿಗೆ ಒಡೆದ ಕಲ್ಲಿನ ಮೇಲೆ ಬಲೆಯ ಹಾಗೆ ಎಲ್ಲಾ ದಿಕ್ಕಿಗೂ ಗೆರೆ ಬೀಳುತ್ತವೆ. ಓರೆ ಬಿರುಕಿನ ತುದಿಯಿಂದಲೇ ಹೊರಟು ಬಾಗಿ, ಭಾರ ಬೀಳುವ ದಿಕ್ಕಿಗೇ ತಿರುಗುವ ಗೆರೆ ಬೇರೆ. ಅದಕ್ಕೆ ರೆಕ್ಕೆ ಬಿರುಕು ಅಂತೀವಿ. ಭಾರಕ್ಕೆ ಬಿರುಕಿನ ಎರಡು ಮುಖಗಳು ಒಂದರ ಮೇಲೊಂದು ಜಾರಲು ನೋಡುತ್ತವೆ, ತುದಿಯಲ್ಲಿ ಎಳೆತ ಹುಟ್ಟುತ್ತದೆ, ಕಲ್ಲು ಅಲ್ಲಿಂದ ಸೀಳುತ್ತದೆ. ಬಿರುಕು ಪೂರ್ತಿ ಅಡ್ಡಡ್ಡ ಅಥವಾ ಪೂರ್ತಿ ನೆಟ್ಟಗೆ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಬಿಸಿ ಮಾಡಿದ್ದು ಏನಂದ್ರೆ, ಆ ಸೀಳನ್ನು ತಡೆದು ನಿಂತಿದ್ದ ಕಲ್ಲನ್ನೇ ದುರ್ಬಲ ಮಾಡಿತು. ಗ್ರಾನೈಟಿನಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕದ ಕಣಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕಾದಾಗ ಕ್ವಾರ್ಟ್ಜ್ ಫೆಲ್ಡ್‌ಸ್ಪಾರ್‌ಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಕಣಗಳ ನಡುವೆ ಸೂಕ್ಷ್ಮ ಬಿರುಕು ಬೀಳೋದು ಅಲ್ಲಿಂದ. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ವಾರ್ಟ್ಜ್‌ನ ಹರಳಿನ ರಚನೆಯೇ ಬದಲಾಗಿ ತಟ್ಟನೆ ಹಿಗ್ಗುತ್ತದೆ. ಅದು ದಾಟಿದರೆ ಕಲ್ಲಿನ ತುಂಬ ಬಿರುಕೇ. ಆಗ ಹಳೇ ಬಿರುಕು ಯಾವ ಕಡೆ ವಾಲಿತ್ತು ಅನ್ನೋದರ ಮಹತ್ವವೂ ಕಮ್ಮಿಯಾಗುತ್ತದೆ. ನಿಮ್ಮಲ್ಲಿ ಓರೆ ಬಿರುಕೇ ಇನ್ನೂ ದಾರಿ ತೋರಿಸುತ್ತಿದೆ ಅಂದ್ರೆ ಒಳಗಿನ ಕಲ್ಲು ಅಷ್ಟು ಕಾದಿರಲಿಕ್ಕಿಲ್ಲ. ಕಲ್ಲಿನಲ್ಲಿ ಬಿಸಿ ನಿಧಾನಕ್ಕೆ ಇಳಿಯುತ್ತದೆ. ಅದೊಂದೇ ಆಸೆ.

ಸುಡದ ಕಂಬಕ್ಕೂ ಇದಕ್ಕೂ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿ, ಕಲ್ಲಿನೊಳಗೆ ಶಬ್ದದ ಅಲೆ ಸಾಗುವ ವೇಗ ಹೋಲಿಸಿ ನೋಡಿ. ಸೂಕ್ಷ್ಮ ಬಿರುಕು ಹೆಚ್ಚಿದಷ್ಟೂ ವೇಗ ಇಳಿದಿರುತ್ತದೆ. ಗೆರೆಗಳ ತುದಿಗೆ ಗುರುತು ಹಾಕಿ ತಾರೀಖು ಬರೆಯಿರಿ.

ಸಿವಿಲ್ ವಿದ್ಯಾರ್ಥಿ: ಎಷ್ಟು ಡಿಗ್ರಿಗೆ ಕಲ್ಲು ಒಡೆಯುತ್ತೆ ಮೇಡಂ?

ಎಂಜಿನಿಯರ್: ಯಾವ ಕಲ್ಲು, ಎಷ್ಟು ಬೇಗ ಕಾಯಿತು, ಹೇಗೆ ಆರಿತು, ಮೇಲೆ ಎಷ್ಟು ಭಾರ. ಇಷ್ಟು ಹೇಳದೆ ಉತ್ತರವಿಲ್ಲ.

ಗುಂಪಿನ ಹಿರಿಯರು: ಫಾರ್ವರ್ಡ್ ಬಂದಿದೆ: "ಕಾದ ಕಲ್ಲಿಗೆ ತಣ್ಣೀರು ಸುರಿದರೆ ಉಕ್ಕಿಗೆ ಹದ ಕೊಟ್ಟಂತೆ ಗಟ್ಟಿಯಾಗುತ್ತದೆ. ನಂತರ ಬಿರುಕಿಗೆ ಸಿಮೆಂಟ್ ಹಾಲು ಬಿಟ್ಟರೆ ಸಾಕು."

ಎಂಜಿನಿಯರ್: ದಯವಿಟ್ಟು ಇದನ್ನು ಅಳಿಸಿ. ಉಕ್ಕಿನ ಲೆಕ್ಕ ಕಲ್ಲಿಗೆ ಹೊಂದಲ್ಲ. ತಣ್ಣೀರು ಬಿದ್ದಾಗ ಹೊರಮೈ ಕುಗ್ಗಲು ನೋಡುತ್ತದೆ, ಬಿಸಿ ಒಳಮೈ ಬಿಡುವುದಿಲ್ಲ. ಹೊರಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಗ್ರಾನೈಟಿಗೆ ಎಳೆತ ತಡೆಯುವ ಬಲ ಒತ್ತಡ ತಡೆಯುವ ಬಲದ ಹತ್ತರಲ್ಲೊಂದು, ಎಷ್ಟೋ ಸಲ ಅದಕ್ಕೂ ಕಮ್ಮಿ. ಸಿಮೆಂಟ್ ಹಾಲು ಕಣಗಳ ನಡುವಿನ ಬಿರುಕಿಗೆ ಇಳಿಯಲ್ಲ, ಹೊರಗಿನ ಗೆರೆಯನ್ನು ಮಾತ್ರ ಮುಚ್ಚುತ್ತದೆ. ಆಮೇಲೆ ಬಿರುಕು ಬೆಳೆದರೆ ಕಾಣೋದೇ ಇಲ್ಲ.

ಸಿವಿಲ್ ವಿದ್ಯಾರ್ಥಿ: ಆದ್ರೆ ಲ್ಯಾಬಲ್ಲಿ 200 ಡಿಗ್ರಿಗೆ ಕಾಯಿಸಿದ ಗ್ರಾನೈಟ್ ತುಂಡಿನ ಬಲ ಸ್ವಲ್ಪ ಏರಿತ್ತು. ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಕ್ವಾರಿ ಮೇಸ್ತ್ರಿ: ಲ್ಯಾಬ್ ತುಂಡು ನೋಡಿ ಮಾತಾಡಬೇಡಪ್ಪ. ಬಂಡೆ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸಿದೋರು ನಾವು. ಕಲ್ಲು ಕೆಂಪಗೆ ಕಾಯೋದೇ ಬೇಡ, ಅದಕ್ಕೆ ಮೊದಲೇ ಏಳುತ್ತೆ.

ಸಿವಿಲ್ ವಿದ್ಯಾರ್ಥಿ: ಅನುಭವ ಬೇರೆ, ಅಳತೆ ಬೇರೆ.

ಕ್ವಾರಿ ಮೇಸ್ತ್ರಿ: ಸುತ್ತಿಗೆ ಹಿಡಿದಿದ್ದೀಯಾ ಯಾವತ್ತಾದ್ರೂ?

ಎಂಜಿನಿಯರ್: ಇಬ್ಬರೂ ಬೇರೆ ಬೇರೆ ವಿಷಯ ಹೇಳುತ್ತಿದ್ದೀರಿ. ಕುಲುಮೆಯಲ್ಲಿ ನಿಧಾನಕ್ಕೆ ಸಮನಾಗಿ ಕಾಯಿಸಿದರೆ ತೇವ ಹೋಗಿ, ಕಣ ಹಿಗ್ಗಿ, ಇದ್ದ ಸಣ್ಣ ಬಿರುಕು ಮುಚ್ಚಿ ಬಲ ತುಸು ಏರಬಹುದು. ಮೇಸ್ತ್ರಿಗಳ ಬಂಡೆಯಲ್ಲಿ ಮೇಲ್ಪದರ ಮಾತ್ರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗಿರುತ್ತದೆ, ಪದರ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದ ಕಂಬ ಮೇಸ್ತ್ರಿಗಳ ಬಂಡೆಗೇ ಹತ್ತಿರ.

ಸುಣ್ಣಕಲ್ಲು ಗೋಡೆಯವರು: ನಮ್ಮದು ಸುಣ್ಣಕಲ್ಲಿನ ಗೋಡೆ. ಬೆಂಕಿಯಾದಾಗ ಗಟ್ಟಿ ಇತ್ತು, ಮಳೆಯಾದ ಮೇಲೆ ಪುಡಿಯಾಗ್ತಿದೆ.

ಎಂಜಿನಿಯರ್: 800 ಡಿಗ್ರಿ ಮೇಲೆ ಹೊರಮೈ ಸುಟ್ಟ ಸುಣ್ಣವಾಗಿರಬೇಕು. ನೀರು ಕುಡಿದರೆ ಅದು ಉಬ್ಬುತ್ತದೆ. ಗೋಡೆಯಿಂದ ದೂರ ಇರಿ. ಮಳೆ ನೀರು ತಾಗದಂತೆ ಟಾರ್ಪಾಲು ಹೊದಿಸಿ.

ಹೊಸ ಸದಸ್ಯ: ಎಷ್ಟು ಡಿಗ್ರಿಗೆ ಒಡೆಯುತ್ತೆ?

ಎಂಜಿನಿಯರ್: ಮೇಲೆ ಓದಿ.

ಗುಂಪಿನ ಹಿರಿಯರು: ಅಷ್ಟು ಒರಟಾಗಿ ಉತ್ತರಿಸಬೇಕಾಗಿಲ್ಲ. ಫಾರ್ವರ್ಡ್ ಕಳಿಸಿದ್ದು ಒಳ್ಳೇ ಮನಸ್ಸಿನಿಂದ.

ಎಂಜಿನಿಯರ್: ಮನಸ್ಸು ಒಳ್ಳೇದೇ ಇರಲಿ ಸರ್, ಆ ಕಂಬದ ಕೆಳಗೆ ಜನ ಓಡಾಡುತ್ತಾರೆ.

ಶಿಲ್ಪಕಲೆಯವರು: ಬಸಾಲ್ಟ್ ಮೂರ್ತಿಗೂ ಇದೇ ಲೆಕ್ಕನಾ?

ಕಟ್ಟಡ ಉಸ್ತುವಾರಿ: ಮೇಡಂ, ಆನಿಕೆ ಕೊಟ್ಟಾಯ್ತು. ಬೆಳಿಗ್ಗೆ ಹಾಕಿದ ಗುರುತನ್ನು ಮೇಲಿನ ಗೆರೆ ಒಂದು ಬೆರಳಗಲ ದಾಟಿದೆ.

ಎಂಜಿನಿಯರ್: ಹಾಗಾದ್ರೆ ಭಾರ ಇನ್ನೂ ಕಂಬದ ಮೇಲೇ ಇದೆ. ಆನಿಕೆ ಜ್ಯಾಕ್ ಬಿಗಿಯಾಗಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಫೋಟೋ ಹಾಕಿ, ನಂಬರ್ ಮೆಸೇಜ್ ಮಾಡಿ. ಉಳಿದವರ ಪ್ರಶ್ನೆ ಆಮೇಲೆ.