ಸಿಪಿಯು ಬಿಚ್ಚುವಾಗ ಪ್ಲಗ್ ಇರಲಾ, ಕೀಳಲಾ?

ಗಂಗಾವತಿ ಟೈಪಿಂಗ್: ನಮ್ಮದು ಚಿಕ್ಕ ಟೈಪಿಂಗ್, ಜೆರಾಕ್ಸ್ ಅಂಗಡಿ. ಹಿಂದೆಯೇ ರೈಸ್ ಮಿಲ್. ಹದಿನೈದು ದಿನದಿಂದ ಕಂಪ್ಯೂಟರ್ ಅರ್ಧ ಗಂಟೆ ಓಡಿ ತಾನೇ ಆಫ್ ಆಗುತ್ತಿದೆ. ಪಕ್ಕದ ಬಾಗಿಲು ತೆಗೆದು ನೋಡಿದೆ. ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು, ಹೊಟ್ಟು ಸೇರಿ ಕಂಬಳಿ ಹಾಗೆ ಕೂತಿದೆ. ರಿಪೇರಿಯವರು ಒಂದು ವಾರ ಬಿಟ್ಟು ಹೋಗಿ ಅಂದರು. ಅಡ್ಮಿಷನ್ ಸಮಯ, ವಾರ ಬಿಟ್ಟರೆ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ನಾನೇ ಬಿಚ್ಚುತ್ತೇನೆ. ಒಂದು ವಿಡಿಯೋದಲ್ಲಿ ಪ್ಲಗ್ ಕೀಳಬೇಡಿ, ಸ್ವಿಚ್ ಮಾತ್ರ ಆಫ್ ಮಾಡಿ, ಅರ್ಥಿಂಗ್ ಇರಲಿ ಅಂತ ಹೇಳಿದರು. ಇನ್ನೊಂದರಲ್ಲಿ ಪೂರ್ತಿ ಕೀಳಿ ಅಂದರು. ಯಾವುದು ಸರಿ?

ರಾಯಚೂರು ರಿಪೇರಿ: ಪ್ಲಗ್ ಇರಲಿ. ಸ್ವಿಚ್ ಆಫ್ ಮಾಡಿದರೆ ಕರೆಂಟ್ ಬರಲ್ಲ, ಮೂರನೇ ಪಿನ್ನಿನಿಂದ ಕ್ಯಾಬಿನೆಟ್‌ಗೆ ಅರ್ಥ್ ಮಾತ್ರ ಉಳಿಯುತ್ತದೆ. ಬಟ್ಟೆ, ಕುರ್ಚಿ ಉಜ್ಜಿ ನಿಮ್ಮ ಮೈಯಲ್ಲಿ ಸೇರಿದ ಸ್ಟ್ಯಾಟಿಕ್ ಕರೆಂಟ್ ಅದರಲ್ಲಿ ಇಳಿದು ಹೋಗುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್ ಜಾಸ್ತಿ. ನಮಗೆ ಚಟ್ ಅಂತ ಗೊತ್ತಾಗಲು ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ ಸಾಯಲು 100 ವೋಲ್ಟ್ ಕೂಡ ಬೇಡ. ಅಂದರೆ ನಿಮಗೆ ಗೊತ್ತೇ ಆಗದಂತೆ ರ‍್ಯಾಮ್ ಹೋಗಿರುತ್ತದೆ.

ಬಳ್ಳಾರಿ ಬಿಸಿಲು: ಸುಮ್ನೆ ಹೆದರಿಸಬೇಡಿ ಅಣ್ಣ. ನಮ್ಮ ಮನೇಲಿ ಕಡಪ ಕಲ್ಲಿನ ನೆಲ, ಬರಿಗಾಲಲ್ಲಿ ಕೂತು ಎಷ್ಟೋ ಸಲ ಬಿಚ್ಚಿದ್ದೇನೆ. ಏನೂ ಆಗಿಲ್ಲ. ಕ್ಯಾಬಿನೆಟ್ಟನ್ನು ಟ್ಯೂಬ್‌ಲೆಸ್ ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸಿ, ಐದು ನಿಮಿಷದ ಕೆಲಸ.

ಹಳೇ ಮೆಕ್ಯಾನಿಕ್, ಕೊಪ್ಪಳ: ಕಂಪ್ರೆಸರ್ ಮಾತ್ರ ಬೇಡಪ್ಪ. ಆ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಎಣ್ಣೆಯೂ ಸೇರಿರುತ್ತದೆ. ಎರಡನ್ನೂ ಮದರ್‌ಬೋರ್ಡ್ ಮೇಲೆ ಹೊಡೆಸಿದ ಹಾಗೆ. ಗಾಳಿಗೆ ಫ್ಯಾನ್ ಗಿರಗಿರ ತಿರುಗಿ ಬೇರಿಂಗ್ ಕೂಡ ಹೋಗುತ್ತದೆ. ಬ್ಲೋಯರ್ ಆದರೂ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಊದಬೇಕು. ನಾನು ಮೊದಲು ಪೇಂಟ್ ಬ್ರಷ್ ಆಡಿಸುತ್ತೇನೆ, ಆಮೇಲೆ ಬ್ಲೋಯರ್, ಅದೂ ಅಂಗಡಿ ಹೊರಗೆ.

ಈಗ ಪ್ಲಗ್ ವಿಷಯ. ರಾಯಚೂರಿನವರ ಮಾತು ಪುಸ್ತಕದಲ್ಲಿ ಸರಿ. ಆದರೆ ನಮ್ಮ ಕಡೆ ಹಳೇ ಮಳಿಗೆಗಳ ವೈರಿಂಗ್ ನೋಡಿದ್ದೀರಾ? ಸ್ವಿಚ್ ಫೇಸಿನಲ್ಲಿದೆಯೋ ನ್ಯೂಟ್ರಲ್ಲಿನಲ್ಲಿದೆಯೋ ಯಾರಿಗೆ ಗೊತ್ತು! ನ್ಯೂಟ್ರಲ್ಲಿನಲ್ಲಿದ್ದರೆ ಆಫ್ ಮಾಡಿದರೂ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ತನಕ ಫೇಸ್ ಬಂದು ನಿಂತಿರುತ್ತದೆ. ಇನ್ನೊಂದು, ಅಂಗಡಿಗೆ ಬಂದ ಗಿರಾಕಿ ಫ್ಯಾನ್ ಸ್ವಿಚ್ ಅಂತ ಅದನ್ನೇ ಒತ್ತಿಬಿಟ್ಟರೆ? ಕಂಪ್ಯೂಟರ್ ಆನ್ ಆಗದಿದ್ದರೂ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬಂದೇ ಬರುತ್ತದೆ. ಆಗ ಒಂದು ಸ್ಕ್ರೂ ಜಾರಿ ಬಿದ್ದರೂ ಸಾಕು.

ಗಂಗಾವತಿ ಟೈಪಿಂಗ್: ಒಂದು ಮಾತು ಮರೆತೆ ಸರ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿದ್ದರೆ ಅನ್ನಲ್ಲ. ಮೊದಲಿಂದಲೂ ಹಾಗೇ ಇದೆ.

ಶಕ್ತಿನಗರದವಳು: ಅಯ್ಯೋ, ಇದನ್ನಲ್ವಾ ಮೊದಲು ಹೇಳಬೇಕಾದ್ದು! ನಿಮ್ಮ ಸಾಕೆಟ್‌ನಲ್ಲಿ ಅರ್ಥೇ ಇಲ್ಲ ಅನ್ನಿಸುತ್ತದೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲು ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್‌ಗೆ ಕಟ್ಟಿರುತ್ತಾರೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಹತ್ತಿರ ಹತ್ತಿರ 115 ವೋಲ್ಟ್ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಜುಮ್ ಅಷ್ಟೇ. ಆದರೆ ನಾಳೆ ಒಳಗೆ ಫೇಸ್ ವೈರ್ ತಗುಲಿದರೆ ಜುಮ್‌ಗೆ ನಿಲ್ಲಲ್ಲ. ಇಲ್ಲದ ಅರ್ಥ್ ನಂಬಿ ಪ್ಲಗ್ ಇಟ್ಟುಕೊಂಡು ಏನು ಮಾಡ್ತೀರಿ?

ರಾಯಚೂರು ರಿಪೇರಿ: ಅರ್ಥ್ ಇಲ್ಲ ಅಂದರೆ ನನ್ನ ಮಾತು ವಾಪಸ್. ಆದರೆ ಪ್ಲಗ್ ಕಿತ್ತರೆ ಸ್ಟ್ಯಾಟಿಕ್ ಎಲ್ಲಿಗೆ ಹೋಗಬೇಕು ಅಕ್ಕಾ?

ಶಕ್ತಿನಗರದವಳು: ಎಲ್ಲಿಗೂ ಹೋಗಬೇಕಿಲ್ಲ. ಕಾಲುವೆ ತೂಬಿನ ಎರಡೂ ಕಡೆ ನೀರು ಒಂದೇ ಮಟ್ಟ ಇದ್ದರೆ, ತೂಬು ಎತ್ತಿದರೂ ನೀರು ಹರಿಯಲ್ಲ, ಅಲ್ವಾ? ನೀವೂ ಕ್ಯಾಬಿನೆಟ್ಟೂ ಒಂದೇ ಮಟ್ಟದಲ್ಲಿದ್ದರೆ ಚಿಪ್ ಮೂಲಕ ಏನೂ ಹರಿಯಲ್ಲ. ಬಣ್ಣ ಇಲ್ಲದ ತಗಡು ಮುಟ್ಟಿ, ಆಮೇಲೆ ರ‍್ಯಾಮ್ ಹಿಡಿಯಿರಿ. ನಡುವೆ ಎದ್ದು ಹೋಗಿ ಬಂದರೆ ಮತ್ತೆ ಮುಟ್ಟಿ. ಪ್ಲಾಸ್ಟಿಕ್ ಕುರ್ಚಿ, ನೈಲಾನ್ ಬಟ್ಟೆ ಬೇಡ. ಬಳ್ಳಾರಿಯವರ ಕಡಪ ಕಲ್ಲು, ಬರಿಗಾಲು ಒಳ್ಳೇದೇ. ಅದು ಪ್ಲಗ್ ಕಿತ್ತ ಮೇಲೆ ಮಾತ್ರ.

ಬಳ್ಳಾರಿ ಬಿಸಿಲು: ಆಯ್ತು, ಕಂಪ್ರೆಸರ್ ಬಿಟ್ಟೆ. ಎಸ್‌ಎಂಪಿಎಸ್ ಡಬ್ಬಿಯೊಳಗೂ ಧೂಳು ಇರುತ್ತಲ್ಲ, ಅದನ್ನೂ ಬಿಚ್ಚಬಹುದಾ?

ಹಳೇ ಮೆಕ್ಯಾನಿಕ್, ಕೊಪ್ಪಳ: ಬೇಡ. ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಅದನ್ನು ಇಳಿಸಲು ಸಾಮಾನ್ಯವಾಗಿ ಒಳಗೇ ರೆಸಿಸ್ಟರ್ ಇರುತ್ತದೆ. ಅದು ಸುಟ್ಟಿದ್ದರೆ ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ. ನನಗೆ ಒಮ್ಮೆ ಹೊಡೆದಿದೆ, ಮೊಣಕೈ ತನಕ ಎರಡು ದಿನ ನೋವು. ಡಬ್ಬಿ ಮುಚ್ಚಿಟ್ಟೇ ಜಾಲರಿಯಿಂದ ಊದಿ. ಗಂಗಾವತಿಯವರೇ, ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದದ್ದು ಇಳಿಯುತ್ತದೆ. ವೈರ್ ತೆಗೆಯುವ ಮುಂಚೆ ಮೊಬೈಲಲ್ಲಿ ಫೋಟೋ. ಯಾವ ಪ್ರೊಸೆಸರ್?

ಗಂಗಾವತಿ ಟೈಪಿಂಗ್: ಎಎಂಡಿ ರೈಜನ್, ಎಎಂ4 ಮಾದರಿಯ ಬೋರ್ಡ್.

ಹಳೇ ಮೆಕ್ಯಾನಿಕ್, ಕೊಪ್ಪಳ: ಹಾಗಾದರೆ ಹುಷಾರು. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರ್‌ಗೇ ಇರುತ್ತವೆ. ಪ್ರೊಸೆಸರ್ ಮೇಲೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿ ಅಂಟಿದ್ದಾಗ ಹೀಟ್‌ಸಿಂಕ್ (ಫ್ಯಾನಿನ ಕೆಳಗಿನ ಲೋಹದ ಗಟ್ಟಿ) ನೇರ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಕೀಳುವ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಲಿಪ್ಪೋ ಸ್ಕ್ರೂವೋ ಬಿಚ್ಚಿ, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ, ಸಡಿಲಾದ ಮೇಲೇ ಎತ್ತಿ. ಹಳೇ ಪೇಸ್ಟ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್. ಥಿನ್ನರ್ ಬೇಡ. ಹೊಸದು ಬಟಾಣಿ ಕಾಳಿನಷ್ಟು ಸಾಕು.

ಶಕ್ತಿನಗರದವಳು: ಮೊದಲು ವೈರ್‌ಮನ್ ಕರೆಸಿ. ಮೀಟರ್ ಹಿಡಿದು ನೀವೇ ಸಾಕೆಟ್‌ಗೆ ಕೈ ಹಾಕಬೇಡಿ.

ಗಂಗಾವತಿ ಟೈಪಿಂಗ್: ಮೂರು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ವೈರ್‌ಮನ್ ಫೇಸಿಗೂ ಅರ್ಥಿಗೂ ಟೆಸ್ಟ್ ಲ್ಯಾಂಪ್ ಹಿಡಿದ, ಬಲ್ಬ್ ಹತ್ತಲೇ ಇಲ್ಲ. ಬೋರ್ಡ್ ಬಿಚ್ಚಿದರೆ ಹಸಿರು ವೈರ್ ಸುಮ್ನೆ ಸುತ್ತಿ ಹಿಂದೆ ತುರುಕಿದ್ದಾರೆ. ಜೋಡಿಸಿದ ಮೇಲೂ ಬಲ್ಬ್ ಮಂಕು. ಹಿತ್ತಲಲ್ಲಿ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ನಾಲ್ಕು ಕೊಡ ನೀರು ಹಾಕಿಸಿದ. ಆಮೇಲೆ ಚೆನ್ನಾಗಿ ಹತ್ತಿತು. ಈಗ ಜುಮ್ ಇಲ್ಲ. ಹೀಟ್‌ಸಿಂಕ್ ನೀವು ಹೇಳಿದ ಹಾಗೇ ತಿರುಗಿಸಿ ತೆಗೆದೆ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಒಮ್ಮೆಯೂ ಆಫ್ ಆಗಿಲ್ಲ.

ರಾಯಚೂರು ರಿಪೇರಿ: ಈಗಲಾದರೂ ಪ್ಲಗ್ ಇಟ್ಟೇ ಬಿಚ್ಚಬಹುದು ನೋಡಿ, ಅರ್ಥ್ ಇದೆಯಲ್ಲ!

ಹಳೇ ಮೆಕ್ಯಾನಿಕ್, ಕೊಪ್ಪಳ: ಗುಂಡಿಗೆ ದಿನಾ ನೀರು ಹಾಕೋಕೆ ನೀವು ಬರ್ತೀರಾ ರಾಯಚೂರಿಂದ?