ವೈನಿನ ‘ತಂಪು ಸೀಸನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯಿಂದ ಬರೆಯುತ್ತಿದ್ದೇನೆ. ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರು. ಅವರಿಗೆ ದ್ರಾಕ್ಷಿ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ಪದ ತಪ್ಪಿದರೆ ತಕ್ಷಣ ಹಿಡಿಯುತ್ತಾರೆ.

ಮೊದಲ ತೊಡಕು ‘ತಂಪು ಸೀಸನ್’. ಬರಹದಲ್ಲಿರುವುದು 2021ರ ಬೆಳೆ. ಆ ಏಪ್ರಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಎಳೆ ಚಿಗುರು ಸುಟ್ಟುಹೋಯಿತು. ಬೇಸಿಗೆಯೂ ತಂಪಾಗಿಯೇ ಕಳೆಯಿತು. ಅಲ್ಲಿ ಬಳ್ಳಿ ಬೇಸಿಗೆಯಲ್ಲಿ ಕಾಯಿ ಕಟ್ಟಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಮ್ಮದು ಉಲ್ಟಾ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಸಿದರೆ ಚಳಿಯಲ್ಲಿ ದ್ರಾಕ್ಷಿಯ ಕಾಳು ಬೆಳೆದು, ಫೆಬ್ರವರಿ, ಮಾರ್ಚಿಗೆ ಕಟಾವು. ‘ಚಳಿ ಜಾಸ್ತಿ ಇದ್ದ ವರ್ಷ’ ಎಂದು ಬರೆದೆ ಅನ್ನಿ, ‘ಹಾಗಾದ್ರೆ ಕಾಳು ಊದಿಲ್ಲ, ರೇಟು ಸಿಕ್ಕಿಲ್ಲ’ ಎಂದೇ ನಮ್ಮವರು ಓದಿಕೊಳ್ಳುತ್ತಾರೆ. ವೈನ್ ಮಾಡುವವರಿಗೆ ಕಾಳು ಸಣ್ಣದಾದರೆ ಬೇಜಾರಿಲ್ಲ. ಬಣ್ಣ, ಒಗರು ಎರಡೂ ಹೆಚ್ಚಾಗಿ ಬರುವುದು ಸಿಪ್ಪೆಯಿಂದ, ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ಬರೀ ತಿರುಳು ಹಿಂಡಿದರೆ ರಸ ಬಿಳಿಚಿಕೊಂಡೇ ಇರುತ್ತದೆ.

ಸುಮ್ನೆ ‘ತಂಪು’ ಎಂದರೂ ಪೇಚು. ಮೈಗೆ ತಂಪು ಎಂಬ ಅರ್ಥ ಮೊದಲು ಬರುತ್ತದೆ. ವೈನು ತಂಪಂತೆ ಎಂದು ನಾನು ಬರೆದದ್ದು ಮನೆಯ ಹಿರಿಯರ ಕಿವಿಗೆ ಬಿದ್ದರೆ ಮುಗಿಯಿತು! ಸದ್ಯಕ್ಕೆ ‘ಬಿಸಿಲು ಕಾಯದ ವರ್ಷ’ ಎಂದಿಟ್ಟಿದ್ದೇನೆ. ಬಿಸಿಲು ಕಾಯದಿದ್ದರೆ ಹಣ್ಣಿನಲ್ಲಿ ಸಕ್ಕರೆ ನಿಧಾನಕ್ಕೆ ಏರುತ್ತದೆ, ಹುಳಿ ಉಳಿಯುತ್ತದೆ. ಸಕ್ಕರೆ ಕಡಿಮೆಯಾದಷ್ಟೂ ವೈನಿನ ಅಮಲೂ ಕಡಿಮೆ. 2003ರಲ್ಲಿ ಬಿಸಿಗಾಳಿ ಬೀಸಿ ಅಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. ಅದಕ್ಕೆ ‘ಬಿಸಿಲು ಕಾಯ್ದ ವರ್ಷ’ ಎಂದರೆ ಜೋಡಿ ಸರಿಹೋಗುತ್ತದೆ, ಅಲ್ವಾ?

ಇನ್ನೊಂದು ‘ಟೆರ್ವಾರ್’. ಮಣ್ಣು, ಇಳಿಜಾರು, ಗಾಳಿ, ಮಳೆ ಎಲ್ಲ ಸೇರಿ ವೈನಿಗೆ ಕೊಡುವ ಗುಣ. ಮಂಗಳವೇಢೆಯ ಜೋಳ ಅಂದರೆ ಸಾಕು, ವಿಷಯ ನಮ್ಮವರಿಗೆ ಅರ್ಥವಾಗುತ್ತದೆ. ಅದೇ ಬೀಜ ಬೇರೆ ಕಡೆ ಬಿತ್ತಿದರೆ ಆ ರೊಟ್ಟಿ ಆಗುವುದಿಲ್ಲ. ‘ಮಣ್ಣಿನ ಗುಣ’ ಎಂದರೆ ಇಳಿಜಾರು, ಗಾಳಿ ಬಿಟ್ಟುಹೋಗುತ್ತವೆ. ‘ಜವಾರಿ’ ಎಂದರೆ ತಳಿಯ ಮಾತಾಯಿತು. ಬರ್ಗಂಡಿಯಲ್ಲಿ ಕೆಂಪು ವೈನಿನ ತಳಿ ಹೆಚ್ಚುಕಡಿಮೆ ಒಂದೇ, ಪಿನೋ ನುವಾರ್. ವ್ಯತ್ಯಾಸವೆಲ್ಲ ನೆಲದ್ದು. ದಿಬ್ಬದ ನಡುವಿನ ತುಂಡಿನ ವೈನಿಗೆ ಒಂದು ಹೆಸರು, ಒಂದು ದರ. ಕೆಳಗಿನ ತಗ್ಗಿನದಕ್ಕೆ ಬೇರೆ. ಈ ತುಂಡುಗಳಿಗೆ ಅವರು ‘ಕ್ಲಿಮಾ’ ಅನ್ನುತ್ತಾರೆ. ಹವಾಮಾನ ಎಂದು ಓದಿಕೊಳ್ಳಬೇಡಿ, ಅದು ಹೊಲದ ತುಂಡು. 2015ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿದವು. ದ್ರಾಕ್ಷಿ ತೋಟಕ್ಕೆ ನಮ್ಮಲ್ಲಿ ‘ಪಡ’ ಅನ್ನುವುದರಿಂದ ‘ಪಡದ ಗುಣ’ ಎಂದಿಡುವ ಮನಸ್ಸಿದೆ. ದಕ್ಷಿಣದವರಿಗೆ ಇದು ತಿಳಿದೀತೇ?

ಕೊನೆಯದಾಗಿ, ಗಟ್ಟಿ ಕಾಳು ಮೆತ್ತಗಾಗುವ ಹಂತ. ಇಲ್ಲಿನ ಮರಾಠಿ ಬೆಳೆಗಾರರು ‘ಪಾಣಿ ಉತರಲೆ’ ಅನ್ನುತ್ತಾರೆ, ಕಾಳಿನಲ್ಲಿ ನೀರು ಇಳಿಯಿತು ಎಂದು. ಬಣ್ಣದ ದ್ರಾಕ್ಷಿಯಲ್ಲಿ ಬಣ್ಣ ತಿರುಗುವುದೂ ಆಗಲೇ: ಒಂದೇ ಗೊಂಚಲಿನಲ್ಲಿ ನಾಲ್ಕು ಕಾಳು ನೇರಳೆ, ಪಕ್ಕದವು ಇನ್ನೂ ಹಸಿರು. ಮಾವು, ಸೀಬೆಗಾದರೆ ‘ದೋರೆಗಾಯಿ’ ಇದೆ. ವಿಜಯಪುರ, ಚಿಕ್ಕಬಳ್ಳಾಪುರದ ಬೆಳೆಗಾರರು ದ್ರಾಕ್ಷಿಗೆ ಏನಂತಾರೆ? ನಿಘಂಟಿನ ಪದ ಬೇಡ, ಪಡದಲ್ಲಿ ಆಡುವ ಮಾತೇ ಬೇಕು.